ಸ್ಕೂಟರಿಗೆ ಪಕ್ಕದ ಚಕ್ರ: ಹಾಕಿಸುವ ಮುಂಚೆ

ಪೋಲಿಯೋದಿಂದ ಕಾಲು ಸೋತವರಿಗೆ ಸ್ವಂತ ಗಾಡಿಯೊಂದಿದ್ದರೆ ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ಯಾರನ್ನೂ ಕಾಯಬೇಕಾಗಿಲ್ಲ. ಆದರೆ ಗಾಡಿ ಅವರ ದೇಹಕ್ಕೆ ಹೊಂದಬೇಕು. ವಿಕಲಚೇತನರ ಮನೆಯವರಿಗೆ ನಾವು ಹೇಳುವುದು ಇಷ್ಟು.

ಗೇರ್ ಇಲ್ಲದ ಸ್ಕೂಟರನ್ನೇ ಆರಿಸಿ. ಎರಡೂ ಬ್ರೇಕು ಕೈಯಲ್ಲೇ ಇರುತ್ತವೆ. ಹಿಂಚಕ್ರದ ಎಡಬಲಕ್ಕೆ ಒಂದೊಂದು ಚಕ್ರ ಬರುತ್ತದೆ. ಅದರ ಕಬ್ಬಿಣದ ಚೌಕಟ್ಟು ಭದ್ರವಾಗಿ ಕೂರಬೇಕು. ಊರುಗೋಲು ಇಡಲು ಜಾಗ ಮಾಡಿಸಿ. ಇಳಿದು ತಳ್ಳಲಾರದವರು ರಿವರ್ಸ್ ಗೇರ್ ಇರುವ ಕಿಟ್ ಕೇಳಿ. ಬೆನ್ನುಹುರಿಗೆ ಪೆಟ್ಟಾಗಿ ಕಾಲಲ್ಲಿ ಸ್ಪರ್ಶ ಇಲ್ಲದವರಿಗೆ ಪಾದ ಜಾರದಂತೆ ಪಟ್ಟಿ ಬೇಕೇ ಬೇಕು. ಸೈಲೆನ್ಸರ್ ತಗಲಿ ಸುಟ್ಟರೂ ಅವರಿಗೆ ಗೊತ್ತಾಗಲ್ಲ.

ತಿರುವಿನಲ್ಲಿ ಈ ಗಾಡಿ ಬೈಕಿನ ಹಾಗೆ ವಾಲುವುದಿಲ್ಲ. ಜೋರಾಗಿ ತಿರುಗಿಸಿದರೆ ಹೊರಗಡೆಗೆ ಮಗುಚಬಹುದು. ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಕಲಿಯಿರಿ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಇಂಥ ಗಾಡಿಯನ್ನು 'ಅಡಾಪ್ಟೆಡ್ ವೆಹಿಕಲ್' ಎಂದು ಕರೆಯುತ್ತದೆ. ಆದ್ದರಿಂದ ಚಕ್ರ ಹಾಕಿಸುವ ಮುಂಚೆಯೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಹಾಕಿಸಿದ ಮೇಲೆ ಆರ್‌ಸಿಯಲ್ಲಿ ಬರೆಸಿ, ಅದೇ ವರ್ಗದ ಲೈಸೆನ್ಸ್ ಮಾಡಿಸಿ, ವಿಮಾ ಕಂಪನಿಗೂ ತಿಳಿಸಿ. ಇಲ್ಲವಾದರೆ ಅಪಘಾತವಾದಾಗ ಪರಿಹಾರಕ್ಕೆ ತೊಡಕಾದೀತು.

ಕೊಳ್ಳಲು ಕೈಲಾಗದವರು ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯ ಬಗ್ಗೆ ಕೇಳಿ. ಅರ್ಜಿ ತುಂಬಲು ನಾವಿದ್ದೇವೆ, ಬನ್ನಿ.