ಗಂಟಿನಲ್ಲಿ ಉಳಿದ ಕೌದಿ

ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿಗಳ ಕಡೆಯಿಂದ ಬಂದ ನಮ್ಮವರಿಗೆ ಕೌದಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವುಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದರೆ ಅದೇ ಕೌದಿ. ಮಹಾರಾಷ್ಟ್ರದ ಗೋಧಡಿಯೂ ಬಂಗಾಳದ ಕಾಂಥಾ ಹೊದಿಕೆಯೂ ಇದರ ಬಳಗಕ್ಕೇ ಸೇರಿದವು. ಕರಾವಳಿಯ ಸೆಕೆಯಲ್ಲಿ ಚಾಪೆಯ ಮೇಲೆ ಬೆಳೆದ ವಾಚಕರಿಗೂ ಹಳೆಯ ಸೀರೆಯ ಹೊದಿಕೆಯ ಮೆತುಪು ತಿಳಿಯದ್ದೇನಲ್ಲ.

ಊರಿನಿಂದ ಬಂದ ಟ್ರಂಕುಗಳಲ್ಲಿ ಎಷ್ಟೋ ಸಲ ಅರೆಹೊಲಿದ ಕೌದಿಯೊಂದು ಮಲಗಿರುತ್ತದೆ. ತಾಯಿ ಅದನ್ನು ಆರಂಭಿಸಿದ್ದಳು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ನಿಲ್ಲಿಸಿದಳು. ಕೆಲವರ ಪಾಲಿಗೆ ಆಕೆಯೇ ಇಲ್ಲವಾದಳು. ಅವಳ ಹೊಲಿಗೆಯ ಪಕ್ಕದಲ್ಲಿ ನಮ್ಮ ಒರಟು ಕೈಯ ಹೊಲಿಗೆಯನ್ನು ಸೇರಿಸುವುದೆಂತು ಎಂಬ ಸಂಕೋಚದಿಂದ ಗಂಟು ಹಾಗೆಯೇ ಉಳಿಯುತ್ತದೆ. ಆದರೆ ಕಟ್ಟಿಟ್ಟದ್ದೆಲ್ಲ ಕಾಪಾಡಿದ್ದಲ್ಲ. ಬಹುಕಾಲ ಒಂದೇ ಮಡಿಕೆಯಲ್ಲಿದ್ದ ಹತ್ತಿಯ ಬಟ್ಟೆ ಆ ಮಡಿಕೆಯ ಗೆರೆಯಲ್ಲಿಯೇ ಬಿರಿಯುತ್ತದೆ. ಮುಂಬಯಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಗೌರವದಿಂದ ಮುಚ್ಚಿಟ್ಟದ್ದು ಕೊನೆಗೆ ಗೌರವವಾಗಿ ಎಸೆಯಲೂ ಬಾರದಂತಾಗುತ್ತದೆ.

ಆದುದರಿಂದ ಬಿಸಿಲಿರುವ ಒಂದು ರಜೆಯ ದಿನ ಗಂಟನ್ನು ಬಿಚ್ಚಿರಿ. ಕೌದಿಯನ್ನೂ ಅದರೊಡನೆ ಇರುವ ತುಂಡುಗಳನ್ನೂ ಗಾಳಿಗೆ ಹರವಿರಿ. ತುಂಡುಗಳನ್ನು ಒಂದೊಂದಾಗಿ ಎರಡೂ ಕೈಯಿಂದ ಜಗ್ಗಿ ನೋಡಿರಿ. ಬಿಗಿಯಾಗಿರುವುದು ಮೇಲಕ್ಕೆ, ಸಡಿಲಾದದ್ದು ಒಳಪದರಕ್ಕೆ, ಜಗ್ಗಿದೊಡನೆ ಹರಿಯುವುದು ನೆಲ ಒರೆಸುವುದಕ್ಕೆ. ಬಣ್ಣ ಬಿಡುವ ಅನುಮಾನವಿದ್ದರೆ ತುಂಡನ್ನು ನೆನೆಸಿ ಬಿಳಿಯ ಬಟ್ಟೆಯ ಮೇಲೆ ಒತ್ತಿದರೆ ಗುಟ್ಟು ರಟ್ಟಾಗುತ್ತದೆ. ಹೊಸ ಬಟ್ಟೆಯನ್ನು ಕೊಳ್ಳುವ ಗೋಜಿಗೆ ಹೋಗಬೇಡಿ. ಇಳಕಲ್ ಸೀರೆಯ ಸೆರಗಿನ ಚೂರು, ಗುಳೇದಗುಡ್ಡದ ಖಣದ ತುಣುಕು, ತಂದೆಯ ಧೋತರದ ಅಂಚು, ನಿಮ್ಮದೇ ಹಳೆಯ ಅಂಗಿ ಇಷ್ಟಿದ್ದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಗಂಟು ಇದ್ದಷ್ಟು ಕೌದಿ ಎಂದು ನಾವು ಸೇರಿಸುತ್ತೇವೆ. ದೊಡ್ಡವರಿಗೆ ಸಾಲದಿದ್ದರೆ ತೊಟ್ಟಿಲಿಗೆ ಸಾಕಾದೀತು.

ಸಮಯವೆಲ್ಲಿಂದ ಎಂದು ಕೇಳುವವರಿಗೆ ಒಂದು ಲೆಕ್ಕ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಯಲ್ಲಿ ಅಂಗುಲಕ್ಕೊಂದು ಸಾಲಿನಂತೆ ಹೆಚ್ಚೆಂದರೆ 48 ಸಾಲುಗಳು. ಅರ್ಧ ಮುಗಿದಿದ್ದರೆ ಉಳಿದದ್ದು 24. ಮಧ್ಯಾಹ್ನದ ಊಟದ ಗಲಾಟೆ ಇಳಿದು ಸಂಜೆಯ ಕಾಫಿಯ ವೇಳೆ ಬರುವುದರೊಳಗೆ ದಿನಕ್ಕೊಂದು ಸಾಲು ಎಳೆದರೂ ತಿಂಗಳೊಳಗೆ ಕೆಲಸ ಮುಗಿಯುತ್ತದೆ. ಅಂಗಿಯ ಗುಂಡಿಯನ್ನು ತಾವೇ ಹಚ್ಚಿಕೊಳ್ಳುವ ನಮ್ಮ ಹೋಟೆಲಿನ ತರುಣರಿಗೆ ಇದು ಹೆಂಗಸರ ಕೆಲಸವೆಂಬ ಬಿಂಕ ಬೇಡ. ಮೊದಲು ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡರೆ ಬಟ್ಟೆ ಜರುಗುವುದಿಲ್ಲ. ಪಕ್ಕಾ ಹೊಲಿಗೆಯ ಬಳಿಕ ಅದನ್ನು ಬಿಚ್ಚಬಹುದು.

ಮುಗಿಸುವ ಕಲೆಯನ್ನು ಉತ್ತರ ಕನ್ನಡದ ಸಿದ್ದಿ ಸ್ತ್ರೀಯರಿಂದ ಕಲಿಯಬೇಕು. ಶತಮಾನಗಳ ಹಿಂದೆ ಆಫ್ರಿಕಾದಿಂದ ತರಲ್ಪಟ್ಟವರ ಸಂತತಿಯಾದ ಈ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದೆಡೆ ನೆಲೆಸಿದ್ದಾರೆ. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಕೌದಿಗೆ ಕವಂದ ಎಂದು ಹೆಸರು. ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಅವರು ಹೊಲಿಗೆಯನ್ನು ನಿಲ್ಲಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ತ್ರಿಕೋನಗಳನ್ನು ಇಡುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು, ಎನ್ನುತ್ತಾರೆ. ಹೂವಿಲ್ಲದ ಕವಂದ ಅವರ ಕಣ್ಣಿಗೆ ಬತ್ತಲೆ. ಕೆಲವರು ಒಳಗೆ ಅಕ್ಕಿಯ ಕಾಳುಗಳನ್ನಿಟ್ಟು ಹೊಲಿಯುವುದೂ ಉಂಟು; ಕವಂದದ ಹೊಟ್ಟೆ ಬರಿದಾಗಿರಬಾರದಂತೆ! ಚಿಂದಿಯಿಂದ ಹುಟ್ಟಿದ ವಸ್ತುವಿಗೂ ಹೊಟ್ಟೆಯುಂಟೆಂದು ಭಾವಿಸುವುದು ಬಡತನದ ಲಕ್ಷಣವಲ್ಲ, ದೊಡ್ಡ ಮನಸ್ಸಿನ ಲಕ್ಷಣ.

ಇನ್ನೊಂದು ಮಾತು. ನಿಮ್ಮ ಹೊಲಿಗೆ ತಾಯಿಯ ಹೊಲಿಗೆಯಂತೆ ಸಣ್ಣದಾಗಿ, ಸಮನಾಗಿ ಬರಲಾರದು. ಬಾರದಿದ್ದರೆ ಬೇಡ. ಎರಡೂ ಒಂದೇ ತೆರನಾಗಿರಲೆಂದು ಆಕೆಯ ಸಾಲುಗಳನ್ನು ಮಾತ್ರ ಬಿಚ್ಚಬೇಡಿ. ಆಕೆಯ ಕೈ ಎಲ್ಲಿ ನಿಂತಿತು, ನಿಮ್ಮ ಕೈ ಎಲ್ಲಿ ಹಿಡಿಯಿತು ಎಂಬುದು ಬಟ್ಟೆಯ ಮೇಲೆ ಕಾಣುತ್ತಲೇ ಇರಲಿ. ಮನೆತನದ ಚರಿತ್ರೆಯನ್ನು ಬರೆದಿಡುವ ಅನುಕೂಲ ನಮ್ಮಲ್ಲಿ ಎಷ್ಟು ಜನರಿಗಿದೆ? ಆ ಒಂದು ಗೆರೆಯೇ ನಮ್ಮ ಚರಿತ್ರೆ.

ತಾಯಿ ಊರಿನಲ್ಲಿದ್ದರೆ ಮುಂದಿನ ರಜೆಗೆ ಹೋದಾಗ ಅದನ್ನು ಆಕೆಯ ಮಡಿಲಲ್ಲಿಡಿ. ಕಣ್ಣು ಕಾಣದಿದ್ದರೂ ಬೆರಳು ಸಾಲುಗಳನ್ನು ಎಣಿಸೀತು. ಆಕೆ ಇಲ್ಲವಾಗಿದ್ದರೆ ಮನೆಯ ಮಗುವಿಗೆ ಹೊದಿಸಿರಿ. ಕೌದಿ ಇರುವುದು ಹೊದೆಯುವುದಕ್ಕಾಗಿ.