ಹಳೆಯ ಗಣಕಯಂತ್ರವನ್ನು ಎಸೆಯುವ ಮುನ್ನ: ಲಿನಕ್ಸ್ ಪರೀಕ್ಷಿಸಿ ನೋಡುವ ಬಗೆ

ಬೆಂಗಳೂರು: ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಭದ್ರತಾ ಪರಿಷ್ಕರಣೆಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಕಾಲಾವಕಾಶವನ್ನು ಸಂಸ್ಥೆ ಆಗ ಘೋಷಿಸಿತಾದರೂ ಅದು ತಾತ್ಕಾಲಿಕ ಪರಿಹಾರ ಮಾತ್ರ. ವಿಂಡೋಸ್ 11ಕ್ಕೆ ಬಡ್ತಿ ಪಡೆಯೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯದ್ದೋ ಅದರ ನಂತರದ್ದೋ ಆಗಿರಬೇಕು. ಎಂಟನೇ ಪೀಳಿಗೆಯ ಸಂಸ್ಕಾರಕಗಳು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅದಕ್ಕೂ ಮೊದಲು ಕೊಂಡ ಯಂತ್ರಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅಧಿಕೃತವಾಗಿ ಅನರ್ಹ.

ಪರದೆ ಬೆಳಗುತ್ತಿದೆ, ಕೀಲಿಮಣೆ ಸರಿಯಿದೆ, ಆದರೂ ಯಂತ್ರವನ್ನು ಗುಜರಿಗೆ ಹಾಕಬೇಕೆ? ಹೊಸದಕ್ಕೆ ಮೂವತ್ತು-ನಲವತ್ತು ಸಾವಿರ ರೂಪಾಯಿ ಸುರಿಯಬೇಕೆ? ಹಾಗೆ ನಿರ್ಧರಿಸುವ ಮುನ್ನ ಒಂದು ಸಂಜೆ ವ್ಯಯಿಸಿ ಮಾಡಬಹುದಾದ ಪರೀಕ್ಷೆಯೊಂದಿದೆ. ಅದಕ್ಕೆ ಬೇಕಾದದ್ದು ಒಂದು ಪೆನ್‌ಡ್ರೈವ್, ಅಂತರಜಾಲ ಸಂಪರ್ಕ ಮತ್ತು ತುಸು ತಾಳ್ಮೆ. ಆ ಪರೀಕ್ಷೆಯ ಹೆಸರು ಲಿನಕ್ಸ್.

ಲಿನಕ್ಸ್ ಎಂದರೇನು?

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನು ಎಂಬ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಳಸಬಹುದಾದ, ಅಭ್ಯಸಿಸಬಹುದಾದ, ತಿದ್ದಬಹುದಾದ ಮತ್ತು ಇತರರೊಂದಿಗೆ ಹಂಚಿಕೊಳ್ಳಬಹುದಾದ ಪೂರ್ಣ ಕಾರ್ಯಾಚರಣೆ ವ್ಯವಸ್ಥೆಯೊಂದನ್ನು ಕಟ್ಟುವುದು ಅವರ ಗುರಿಯಾಗಿತ್ತು. 1991ರಲ್ಲಿ ಫಿನ್‌ಲೆಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೊರ್ವಾಲ್ಡ್ಸ್, ಕರ್ನೆಲ್ ಎಂದು ಕರೆಯಲಾಗುವ ತಿರುಳನ್ನು ಬರೆದರು. ಯಂತ್ರಾಂಶ ಮತ್ತು ತಂತ್ರಾಂಶಗಳ ನಡುವೆ ಮಧ್ಯವರ್ತಿಯಂತೆ ನಿಲ್ಲುವುದು ಈ ತಿರುಳು. ಇವೆರಡೂ ಕೂಡಿದ ಫಲವನ್ನೇ ಜನ ಇಂದು ಲಿನಕ್ಸ್ ಎನ್ನುತ್ತಾರೆ.

ಇದು ಕೇವಲ ತಜ್ಞರ ವಸ್ತುವಲ್ಲ. ಕಿಸೆಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದು ಲಿನಕ್ಸ್ ತಿರುಳೇ. ಜಗತ್ತಿನ ಅತಿವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಅಲ್ಲದ ಬೇರೊಂದು ವ್ಯವಸ್ಥೆ ಕಾಣಿಸಿಕೊಂಡಿಲ್ಲ. ನೆರೆಯ ಕೇರಳದ ಶಾಲೆಗಳಲ್ಲಿ ಮಕ್ಕಳು ಬಹುಕಾಲದಿಂದ ಮುಕ್ತ ತಂತ್ರಾಂಶದಲ್ಲಿಯೇ ಗಣಕ ಕಲಿಯುತ್ತಿದ್ದಾರೆ. ಬೆಂಗಳೂರಿಗೂ ಇದು ಹೊಸದಲ್ಲ. 2001ರಲ್ಲಿ ಇಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಮುಂದೆ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ಹಲವು ವರ್ಷ ನಡೆಯಿತು.

ಲಿನಕ್ಸ್ ಒಂದೇ ರೂಪದಲ್ಲಿ ದೊರೆಯುವುದಿಲ್ಲ. ಒಂದೇ ಹಿಟ್ಟಿನಿಂದ ಒಬ್ಬರು ದೋಸೆ, ಮತ್ತೊಬ್ಬರು ಪಡ್ಡು ಮಾಡುವಂತೆ ಅದೇ ತಿರುಳಿನ ಸುತ್ತ ಬೇರೆ ಬೇರೆ ತಂಡಗಳು ಬೇರೆ ಬೇರೆ ವ್ಯವಸ್ಥೆಗಳನ್ನು ಕಟ್ಟಿವೆ. ಇವಕ್ಕೆ ವಿತರಣೆ ಅಥವಾ ಡಿಸ್ಟ್ರೋ ಎಂದು ಹೆಸರು. ಡೆಬಿಯನ್, ಫೆಡೋರಾ, ಉಬುಂಟು, ಲಿನಕ್ಸ್ ಮಿಂಟ್ ಇವುಗಳಲ್ಲಿ ಪ್ರಮುಖವಾದವು. ವಿಂಡೋಸ್‌ಗೆ ಒಗ್ಗಿಕೊಂಡವರಿಗೆ ಮಿಂಟ್ ಸುಲಭ; ಕೆಳಗಿನ ಪಟ್ಟಿ, ಮೂಲೆಯ ಮೆನು, ಕಡತಕೋಶಗಳು ಎಲ್ಲವೂ ಪರಿಚಿತ ಜಾಗದಲ್ಲಿಯೇ ಇವೆ. 2024ರಲ್ಲಿ ಆರಂಭವಾದ ಅದರ 22ನೇ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯಲಿವೆ.

ಮೊದಲ ಹೆಜ್ಜೆ ವಿಂಡೋಸ್‌ನಲ್ಲಿಯೇ

ಲಿನಕ್ಸ್ ಪ್ರಯತ್ನಿಸಿ ಕೈಬಿಟ್ಟವರಲ್ಲಿ ಹಲವರು ಒಂದೇ ದಿನ ಎಲ್ಲವನ್ನೂ ಬದಲಿಸಲು ಹೊರಟವರು. ಕಾರ್ಯಾಚರಣೆ ವ್ಯವಸ್ಥೆ ಹೊಸದು, ಪತ್ರ ಬರೆಯುವ ತಂತ್ರಾಂಶ ಹೊಸದು, ಚಿತ್ರ ತಿದ್ದುವ ತಂತ್ರಾಂಶವೂ ಹೊಸದು ಎಂದಾಗ ಗೊಂದಲ ಸಹಜ. ಕ್ರಮವನ್ನು ತಿರುಗಿಸುವುದು ಜಾಣತನ. ಪ್ರಮುಖ ಮುಕ್ತ ತಂತ್ರಾಂಶಗಳೆಲ್ಲ ವಿಂಡೋಸ್‌ನಲ್ಲಿಯೂ ಕೆಲಸ ಮಾಡುತ್ತವೆ. ಅಂತರಜಾಲ ವೀಕ್ಷಣೆಗೆ ಫೈರ್‌ಫಾಕ್ಸ್, ಪತ್ರ ಹಾಗೂ ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್, ಚಲನಚಿತ್ರ-ಸಂಗೀತಕ್ಕೆ ವಿಎಲ್‌ಸಿ, ಛಾಯಾಚಿತ್ರ ತಿದ್ದಲು ಗಿಂಪ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್ ಇವನ್ನು ಈಗಿರುವ ಯಂತ್ರದಲ್ಲಿಯೇ ಅಳವಡಿಸಿ ಒಂದು ತಿಂಗಳು ಬಳಸಿ ನೋಡಿ. ಇವು ಕೈಗೆ ಒಗ್ಗಿದರೆ ಮುಂದೆ ಕೆಳಗಿನ ವ್ಯವಸ್ಥೆ ಬದಲಾದರೂ ನಿತ್ಯದ ಕೆಲಸ ಅಷ್ಟಾಗಿ ಬದಲಾಗದು. ಒಗ್ಗದಿದ್ದರೆ ಅಳಿಸಿಹಾಕಿ, ನಷ್ಟವೇನೂ ಇಲ್ಲ.

ಪೆನ್‌ಡ್ರೈವ್ ಪರೀಕ್ಷೆ

ಎರಡನೆಯ ಹೆಜ್ಜೆ, ಗಣಕದ ಹಾರ್ಡ್ ಡಿಸ್ಕ್‌ನಲ್ಲಿ ಏನನ್ನೂ ಅಳವಡಿಸದೆ ಲಿನಕ್ಸ್ ಚಲಾಯಿಸುವುದು. ಇದಕ್ಕೆ ಲೈವ್ ವಿಧಾನ ಎಂದು ಹೆಸರು. ಹಿಂದೆ ಇದೇ ಕೆಲಸ ಸಿಡಿಯಿಂದ ಆಗುತ್ತಿತ್ತು. ಉಬುಂಟು ತಂಡ 2011ರವರೆಗೆ ಕೇಳಿದವರ ಮನೆಗೆ ಉಚಿತವಾಗಿ ಸಿಡಿ ಕಳುಹಿಸುತ್ತಿತ್ತು. ಈಗಿನ ಕ್ರಮ ಹೀಗಿದೆ:

1. ಮಿಂಟ್‌ನ ಅಧಿಕೃತ ಜಾಲತಾಣದಿಂದ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಿ. ಇದರ ಗಾತ್ರ ಸುಮಾರು 3 ಜಿಬಿ. ಯಂತ್ರದಲ್ಲಿ 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ಸ್ಮೃತಿ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಆರಿಸಿಕೊಳ್ಳಿ.

2. ಇಳಿಸಿಕೊಂಡ ಕಡತ ಅಸಲಿಯೇ ಎಂದು ತಾಳೆ ನೋಡಿ. ಜಾಲತಾಣದಲ್ಲಿ ಎಸ್‌ಎಚ್‌ಎ-256 ಎಂಬ ಉದ್ದನೆಯ ತಾಳೆ ಸಂಖ್ಯೆ ಇರುತ್ತದೆ, ಅದನ್ನು ಪರಿಶೀಲಿಸುವ ವಿಧಾನವೂ ಅಲ್ಲಿಯೇ ಇದೆ. ಇದು ಅನಗತ್ಯ ಜಾಗ್ರತೆಯಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್ ಜಾಲತಾಣಕ್ಕೇ ಕನ್ನ ಹಾಕಿದ ದುಷ್ಕರ್ಮಿಗಳು ಕಳ್ಳಬಾಗಿಲು ಇಟ್ಟ ನಕಲಿ ಕಡತದತ್ತ ಜನರನ್ನು ತಿರುಗಿಸಿದ್ದರು.

3. 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಐಎಸ್‌ಒ ಕಡತವನ್ನು ಅದಕ್ಕೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

4. ಗಣಕವನ್ನು ಪೂರ್ಣವಾಗಿ ಆರಿಸಿ, ಪೆನ್‌ಡ್ರೈವ್ ಚುಚ್ಚಿ ಮತ್ತೆ ಚಾಲೂ ಮಾಡಿ, ಬೂಟ್ ಮೆನುವಿನ ಕೀಲಿಯನ್ನು ಒತ್ತಿ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಕೆಲವೇ ನಿಮಿಷಗಳಲ್ಲಿ ಲಿನಕ್ಸ್ ಪರದೆ ತೆರೆದುಕೊಳ್ಳುತ್ತದೆ.

ಈ ಹಂತದಲ್ಲಿ ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್ ಹಾಗೆಯೇ ಇರುತ್ತದೆ. ಪೆನ್‌ಡ್ರೈವ್ ತೆಗೆದು ಮರುಚಾಲನೆ ಮಾಡಿದರೆ ಎಲ್ಲವೂ ಹಿಂದಿನಂತೆಯೇ. ಆದರೆ ಒಳಗಿನ ಡಿಸ್ಕ್‌ನ ಕಡತಗಳು ಲಿನಕ್ಸ್‌ಗೂ ಕಾಣಿಸುವುದರಿಂದ ಅವುಗಳನ್ನು ಅಳಿಸುವ ಕೆಲಸಕ್ಕೆ ಕೈಹಾಕಬೇಡಿ. ಪೆನ್‌ಡ್ರೈವ್‌ನಿಂದ ಓಡುವಾಗ ವೇಗ ಕಡಿಮೆ ಇರುತ್ತದೆ. ಅದನ್ನೇ ಲಿನಕ್ಸ್‌ನ ನಿಜವಾದ ವೇಗವೆಂದು ತೀರ್ಮಾನಿಸುವುದೂ ಬೇಡ.

ಏನೇನು ಪರೀಕ್ಷಿಸಬೇಕು?

ಹಿನ್ನೆಲೆಯ ಚಿತ್ರ ಬದಲಿಸಿ ಸಂತೋಷಪಡುವುದು ಪರೀಕ್ಷೆಯಲ್ಲ. ವೈ-ಫೈ ಸಂಪರ್ಕ ಸಿಗುತ್ತಿದೆಯೆ? ಧ್ವನಿ ಬರುತ್ತಿದೆಯೆ? ಕ್ಯಾಮೆರಾ ಕೆಲಸ ಮಾಡುತ್ತಿದೆಯೆ? ಮಡಿಲಗಣಕವನ್ನು ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೆ? ಮುದ್ರಕ ಹಾಗೂ ಸ್ಕ್ಯಾನರ್‌ಗಳನ್ನು ಗುರುತಿಸಿತೆ? ನಿಮ್ಮ ಬ್ಯಾಂಕಿನ ಜಾಲತಾಣ ತೆರೆದು ನೋಡಿ. ಹಳೆಯ ವರ್ಡ್ ಮತ್ತು ಎಕ್ಸೆಲ್ ಕಡತಗಳ ಪ್ರತಿಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಪುಟವಿನ್ಯಾಸ ಕೆಟ್ಟಿದೆಯೇ ಎಂದು ಗಮನಿಸಿ. ಇವಿಷ್ಟಕ್ಕೂ ಉತ್ತರ ಸಿಕ್ಕರೆ ಮುಂದಿನ ನಿರ್ಧಾರ ಊಹೆಯ ಮೇಲೆ ನಿಲ್ಲುವುದಿಲ್ಲ.

ಕನ್ನಡದ ಕಥೆಯೇನು?

ಯೂನಿಕೋಡ್ ಕನ್ನಡವನ್ನು ಓದಲು ಲಿನಕ್ಸ್‌ನಲ್ಲಿ ತೊಂದರೆಯಿಲ್ಲ. ಲೋಹಿತ್, ನೋಟೊ, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಶೈಲಿಗಳು ಲಭ್ಯವಿವೆ. ಬರೆಯಲು ಐಬಸ್ ಎಂಬ ತಂತ್ರಾಂಶವನ್ನು ಅದರ ಎಂ17ಎನ್ ಕಡತಗಳೊಂದಿಗೆ ಅಳವಡಿಸಿಕೊಂಡರೆ, ನುಡಿ ಬಳಕೆದಾರರಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸ ದೊರೆಯುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಮುದ್ರಿತ ಕನ್ನಡ ಪುಟದ ಚಿತ್ರವನ್ನು ಪಠ್ಯವಾಗಿ ಪರಿವರ್ತಿಸುವ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವೂ ಕನ್ನಡವನ್ನು ಬಲ್ಲದು.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಗಳಲ್ಲಿ ಸಿದ್ಧಪಡಿಸಿದ ಪತ್ರ, ಕಥೆ, ಪ್ರಬಂಧಗಳು ವಾಸ್ತವದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಕಡತಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಇದು ಲಿನಕ್ಸ್‌ನ ದೋಷವಲ್ಲ. ಆ ಫಾಂಟ್ ಇಲ್ಲದ ಹೊಸ ವಿಂಡೋಸ್ ಯಂತ್ರದಲ್ಲಿಯೂ, ದೂರವಾಣಿಯಲ್ಲಿಯೂ ಇದೇ ಪಾಡು. ಹಳೆಯ ತಂತ್ರಾಂಶ ಇನ್ನೂ ಓಡುತ್ತಿರುವಾಗಲೇ ಇವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪ್ರತಿ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಲಿನಕ್ಸ್‌ಗೆ ಹೋಗಲಿ ಬಿಡಲಿ, ಈ ಕೆಲಸವನ್ನು ಮುಂದೂಡಿದಷ್ಟೂ ಕಳೆದುಕೊಳ್ಳುವ ಬರಹ ಹೆಚ್ಚು.

ಯಾರಿಗೆ ಬೇಡ?

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೆ, ಕೋರೆಲ್‌ಡ್ರಾ ಇಲ್ಲವೆ ಪೇಜ್‌ಮೇಕರ್ ನೆಚ್ಚಿಕೊಂಡ ಡಿಟಿಪಿ ಕೇಂದ್ರಗಳಿಗೆ, ಫೋಟೋಶಾಪ್ ಬಿಟ್ಟರೆ ಕೆಲಸವೇ ನಡೆಯದ ಸ್ಟುಡಿಯೋಗಳಿಗೆ ಲಿನಕ್ಸ್ ಸದ್ಯಕ್ಕೆ ಸರಿಯಾದ ಆಯ್ಕೆಯಲ್ಲ. ಇವು ಲಿನಕ್ಸ್‌ಗಾಗಿ ರೂಪುಗೊಂಡ ತಂತ್ರಾಂಶಗಳಲ್ಲ. ವೈನ್ ಎಂಬ ಸೇತುವೆ ತಂತ್ರಾಂಶದ ಮೂಲಕ ಇಂಥ ಕೆಲವನ್ನು ಓಡಿಸಬಹುದಾದರೂ ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸುವುದು ಅಪಾಯ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ತಮ್ಮ ಟೋಕನ್‌ಗೆ ಲಿನಕ್ಸ್ ಚಾಲಕ ತಂತ್ರಾಂಶ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ತೀರಾ ಹಳೆಯ ಯಂತ್ರಗಳಿಗೂ ಪವಾಡ ನಡೆಯದು. 32 ಬಿಟ್‌ನ ಸಂಸ್ಕಾರಕಗಳನ್ನು ಉಬುಂಟು ಹಾಗೂ ಮಿಂಟ್ ಎರಡೂ ಕೈಬಿಟ್ಟಿವೆ. 2 ಜಿಬಿ ಸ್ಮೃತಿಯಲ್ಲಿ ಲಿನಕ್ಸ್ ತೆರೆದುಕೊಂಡರೂ ಇಂದಿನ ಭಾರವಾದ ಜಾಲತಾಣಗಳು ಅದನ್ನು ಏದುಸಿರು ಬಿಡುವಂತೆ ಮಾಡುತ್ತವೆ. ಅಂಥಲ್ಲಿ ಸ್ಮೃತಿ ಹೆಚ್ಚಿಸಿ, ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಲಾಭ ಹೆಚ್ಚು.

ಮುಕ್ತವಾದದ್ದು ಸುರಕ್ಷಿತವೆ?

ಆಕರ ಸಂಕೇತ ಎಲ್ಲರಿಗೂ ತೆರೆದಿದ್ದರೆ ಕಳ್ಳರಿಗೂ ತೆರೆದಂತಲ್ಲವೆ ಎಂಬ ಪ್ರಶ್ನೆ ಹಳೆಯದು. 2024ರ ಮಾರ್ಚ್‌ನಲ್ಲಿ ನಡೆದ ಪ್ರಕರಣವೊಂದು ಇದರ ಎರಡೂ ಮುಖಗಳನ್ನು ತೋರಿಸಿತು. ಎಕ್ಸ್‌ಝಡ್ ಎಂಬ ಸಣ್ಣ ಮುಕ್ತ ತಂತ್ರಾಂಶದ ನಿರ್ವಾಹಕರ ವಿಶ್ವಾಸವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಗಳಿಸಿಕೊಂಡ ಅನಾಮಿಕನೊಬ್ಬ ಅದರಲ್ಲಿ ಕಳ್ಳಬಾಗಿಲನ್ನು ಸೇರಿಸಿದ್ದ. ದೂರದ ಯಂತ್ರಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಹುಡುಕಹೊರಟ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಪತ್ತೆಹಚ್ಚಿದರು. ಅವರು ಉದ್ಯೋಗದಲ್ಲಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ! ಡೆಬಿಯನ್, ಉಬುಂಟುಗಳ ಸ್ಥಿರ ಆವೃತ್ತಿಗಳನ್ನು ತಲಪುವ ಮೊದಲೇ ಅಪಾಯ ತಪ್ಪಿತು. ಮುಕ್ತ ತಂತ್ರಾಂಶಕ್ಕೂ ಕನ್ನ ಬೀಳಬಹುದು. ಆದರೆ ಅನುಮಾನ ಬಂದವರು ಒಳಗೆ ಇಳಿದು ನೋಡಲು ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಬಳಕೆದಾರರ ಪಾಲಿನ ಕರ್ತವ್ಯ ಒಂದೇ: ಪರಿಷ್ಕರಣೆಗಳನ್ನು ತಪ್ಪದೆ ಅಳವಡಿಸಿಕೊಳ್ಳುವುದು.

ಅಳವಡಿಸುವ ಮುನ್ನ

ಪರೀಕ್ಷೆ ಯಶಸ್ವಿಯಾಗಿ, ಲಿನಕ್ಸ್ ಅನ್ನು ಡಿಸ್ಕ್‌ಗೇ ಅಳವಡಿಸುವ ನಿರ್ಧಾರಕ್ಕೆ ಬಂದರೆ ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಛಾಯಾಚಿತ್ರ, ಅಂಕಪಟ್ಟಿ, ಆಸ್ತಿಪತ್ರಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆದು, ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ. ಎರಡನೆಯದು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಚಾಲನೆಯಲ್ಲಿದ್ದರೆ ಅದರ ಮರುಪಡೆಯುವ ಕೀಲಿಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇಲ್ಲವಾದರೆ ನಿಮ್ಮ ಡಿಸ್ಕ್ ನಿಮಗೇ ಬಾಗಿಲು ಹಾಕಬಹುದು. ಮೂರನೆಯದು, ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಬೇಕು. ಅದು ಚಾಲನೆಯಲ್ಲಿದ್ದರೆ ಯಂತ್ರ ಆರಿಸಿದ ಮೇಲೂ ವಿಂಡೋಸ್ ಡಿಸ್ಕ್‌ನ ಮೇಲಿನ ಹಿಡಿತ ಬಿಡುವುದಿಲ್ಲ. ಅಳವಡಿಸುವಾಗ 'ಡಿಸ್ಕ್ ಪೂರ್ತಿ ಅಳಿಸು' ಎಂಬ ಆಯ್ಕೆ ಎದುರಾದರೆ ಎರಡು ಬಾರಿ ಓದಿ ಒತ್ತಿ.

ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ ಎಂಬುದು ಹಲವರನ್ನು ಆಕರ್ಷಿಸುವ ಅಂಶ. ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಯಂತ್ರದ ಆಯುಷ್ಯವನ್ನು ನಿರ್ಧರಿಸುವವರು ಅದನ್ನು ತಯಾರಿಸಿದವರೇ ಆಗಬೇಕಿಲ್ಲ ಎಂಬುದನ್ನು ಅದು ತೋರಿಸುತ್ತದೆ. ನಿಮ್ಮ ಯಂತ್ರ ಲಿನಕ್ಸ್‌ಗೆ ಒಗ್ಗದೆಯೂ ಇರಬಹುದು, ನಿಮ್ಮ ಕೆಲಸಕ್ಕೆ ಅದು ಸಾಲದೆಯೂ ಹೋಗಬಹುದು. ಆದರೆ ಆ ಮಾತನ್ನು ಅಂಗಡಿಯವರ ಬಾಯಿಂದ ಕೇಳುವುದಕ್ಕಿಂತ ಪೆನ್‌ಡ್ರೈವ್ ಚುಚ್ಚಿ ಸ್ವತಃ ನೋಡಿ ತಿಳಿಯುವುದು ಲೇಸು.