ಅಂತರ್ಗತ ಸುರಕ್ಷತೆ: ವಿನ್ಯಾಸದಲ್ಲಿಯೇ ಅಪಾಯದ ನಿವಾರಣೆ

ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕವನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಗಳಲ್ಲಿ ಒಂದು ವಿಚಿತ್ರವಾದ ಪೀಠವಿರುತ್ತಿತ್ತು. ಅದಕ್ಕೆ ಒಂದೇ ಕಾಲು. ಸುಮಾರು 1 ಟನ್ ದ್ರವವಿದ್ದ ಪಾತ್ರೆಯ ಉಷ್ಣತಾಮಾಪಕವನ್ನು ಎವೆಯಿಕ್ಕದೆ ನೋಡಬೇಕಾದ ಕಾರ್ಮಿಕನು ಅದರ ಮೇಲೆ ಕುಳಿತಿರುತ್ತಿದ್ದನು. ತೂಕಡಿಸಿದರೆ ಪೀಠ ಉರುಳಿ ಎಚ್ಚರವಾಗುತ್ತಿತ್ತು. ಎಚ್ಚರ ತಪ್ಪಿ ಉಷ್ಣತೆ ಮಿತಿಮೀರಿದರೆ ಪಾತ್ರೆಯೇ ಸಿಡಿಯುವ ಭಯವಿತ್ತು. ಮುಂದೆ ತಯಾರಿಕೆಯ ಕ್ರಮವನ್ನೇ ಬದಲಿಸಲಾಯಿತು. ದ್ರವಗಳು ಸತತವಾಗಿ ಹರಿಯುತ್ತ, ಕೆಲವೇ ನಿಮಿಷಗಳಲ್ಲಿ ಬೆರೆತು ಹೊರಬರುವ ಸಾಧನ ಬಂದಿತು. ಅದರೊಳಗೆ ಯಾವುದೇ ಕ್ಷಣದಲ್ಲಿ ಇರುವ ಸ್ಫೋಟಕ ಸುಮಾರು 1 ಕಿಲೊಗ್ರಾಂ ಮಾತ್ರ. ಒಂಟಿಕಾಲಿನ ಪೀಠದ ಅಗತ್ಯವೇ ಇಲ್ಲವಾಯಿತು.

ವಿನ್ಯಾಸದ ಪರಿಕಲ್ಪನೆ ಎಂದರೇನೆಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ. ಯಾವ ವಸ್ತುವನ್ನು ಬಳಸಬೇಕು, ಎಷ್ಟು ಪ್ರಮಾಣದಲ್ಲಿ, ಯಾವ ಉಷ್ಣತೆ ಮತ್ತು ಒತ್ತಡದಲ್ಲಿ, ಯಾವ ಸ್ಥಳದಲ್ಲಿ ಎಂಬ ಮೂಲ ಪ್ರಶ್ನೆಗಳಿಗೆ ನಕ್ಷೆ ಬರೆಯುವ ಮೊದಲೇ ಕೊಡುವ ಉತ್ತರಗಳ ಸಮುಚ್ಚಯವೇ ಪರಿಕಲ್ಪನೆ. ಗಂಟೆ, ಕವಾಟ, ಕಾವಲು, ನಿಯಮಾವಳಿಗಳೆಲ್ಲ ಅನಂತರ ಬರುತ್ತವೆ. ಇವು ಇರುವ ಅಪಾಯವನ್ನು ತಡೆದು ನಿಲ್ಲಿಸುತ್ತವೆ. ಅಪಾಯ ಎಷ್ಟು ದೊಡ್ಡದೆಂಬುದು ಮಾತ್ರ ಪರಿಕಲ್ಪನೆಯ ಹಂತದಲ್ಲಿಯೇ ನಿರ್ಧಾರವಾಗಿರುತ್ತದೆ.

ಈ ವಿಚಾರಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವರು ಬ್ರಿಟನ್ನಿನ ಐ.ಸಿ.ಐ. ಕಂಪನಿಯಲ್ಲಿ ಸುರಕ್ಷತಾ ಸಲಹೆಗಾರರಾಗಿದ್ದ ಟ್ರೆವರ್ ಕ್ಲೆಟ್ಜ್. ಅದಕ್ಕೆ ಹಿನ್ನೆಲೆಯಾಗಿ ನಿಂತದ್ದು ಫ್ಲಿಕ್ಸ್‌ಬರೋ ದುರಂತ. ಇಂಗ್ಲೆಂಡಿನ ಆ ಊರಿನಲ್ಲಿ ನೈಲಾನ್‌ಗೆ ಬೇಕಾದ ಕಚ್ಚಾವಸ್ತುವನ್ನು ತಯಾರಿಸುವ ಕಾರ್ಖಾನೆಯಿತ್ತು. ಸಾಲಾಗಿದ್ದ ಆರು ಪಾತ್ರೆಗಳಲ್ಲಿ ಐದನೆಯದು ಬಿರುಕು ಬಿಟ್ಟುದರಿಂದ ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ ತಾತ್ಕಾಲಿಕ ಕೊಳವೆಯೊಂದನ್ನು ಜೋಡಿಸಲಾಯಿತು. ಆ ಕೊಳವೆಗೆ ಇದ್ದ ನಕ್ಷೆಯೆಂದರೆ ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಗೆರೆಗಳು. 1974ರ ಜೂನ್ 1ರಂದು ಕೊಳವೆ ಕಳಚಿ, ಹೊರನುಗ್ಗಿದ ಸೈಕ್ಲೊಹೆಕ್ಸೇನ್ ಆವಿ ಸ್ಫೋಟಿಸಿ 28 ಜನ ಮಡಿದರು.

ಕೊಳವೆಯ ದೋಷ ನಿರ್ವಿವಾದ. ಕ್ಲೆಟ್ಜ್ ಅವರು ಅದರ ಹಿಂದಿನ ಪ್ರಶ್ನೆಯನ್ನು ಕೇಳಿದರು: ಅಷ್ಟೊಂದು ಇಂಧನ ಅಲ್ಲಿ ಏಕಿತ್ತು? ಆ ಪ್ರಕ್ರಿಯೆಯಲ್ಲಿ ಒಂದು ಸುತ್ತಿಗೆ ರೂಪಾಂತರವಾಗುತ್ತಿದ್ದುದು ಸುಮಾರು ಶೇ. 6ರಷ್ಟು ಮಾತ್ರ. ಉಳಿದುದು ಕಾದ ಸ್ಥಿತಿಯಲ್ಲಿಯೇ ಮತ್ತೆ ಮತ್ತೆ ಸುತ್ತುತ್ತಿತ್ತು. ಇಲ್ಲದ ವಸ್ತು ಸೋರಲಾರದು ಎಂಬ ಸರಳ ಸತ್ಯವನ್ನೇ 1977ರ ತಮ್ಮ ಉಪನ್ಯಾಸವೊಂದರಲ್ಲಿ ಅವರು ಸೂತ್ರವಾಗಿ ಮಂಡಿಸಿದರು. ಕೆಸರು ಮೆಟ್ಟಿ ಕಾಲು ತೊಳೆಯುವುದಕ್ಕಿಂತ ಮೆಟ್ಟದಿರುವುದೇ ಲೇಸೆಂಬ ನಮ್ಮ ಹಿರಿಯರ ವಿವೇಕವೂ ಇದೇ.

ಈ ತತ್ತ್ವಕ್ಕೆ ಅಂತರ್ಗತ ಸುರಕ್ಷತೆ ಎಂದು ಹೆಸರು. ಇದರ ಮಾರ್ಗಗಳು ಮುಖ್ಯವಾಗಿ ನಾಲ್ಕು. ಅಪಾಯಕಾರಿ ವಸ್ತುವಿನ ಪ್ರಮಾಣವನ್ನು ತಗ್ಗಿಸುವುದು ಮೊದಲನೆಯದು. ಅದರ ಬದಲಿಗೆ ನಿರಪಾಯಕರವಾದುದನ್ನು ಬಳಸುವುದು ಎರಡನೆಯದು. ಬಳಸಲೇಬೇಕಾದರೆ ಕಡಿಮೆ ಉಷ್ಣತೆ, ಕಡಿಮೆ ಒತ್ತಡ ಅಥವಾ ತೆಳುಗೊಳಿಸಿದ ರೂಪದಲ್ಲಿ ಬಳಸುವುದು ಮೂರನೆಯದು. ತಪ್ಪು ಮಾಡುವುದಕ್ಕೆ ಅವಕಾಶವೇ ಕಡಿಮೆಯಾಗುವಂತೆ ವ್ಯವಸ್ಥೆಯನ್ನು ಸರಳಗೊಳಿಸುವುದು ನಾಲ್ಕನೆಯದು.

ಈ ಮಾತುಗಳ ತೂಕ ನಮ್ಮ ದೇಶಕ್ಕೆ ಅರಿವಾದದ್ದು ಭೋಪಾಲದಲ್ಲಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯು ಅಲ್ಲಿ ಕಾರ್ಬರಿಲ್ ಎಂಬ ಕೀಟನಾಶಕವನ್ನು ತಯಾರಿಸುತ್ತಿತ್ತು. 1984ರ ಡಿಸೆಂಬರ್ 2-3ರ ರಾತ್ರಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಇದ್ದ ತೊಟ್ಟಿಯೊಳಗೆ ನೀರು ಸೇರಿ, ಉಷ್ಣತೆಯೂ ಒತ್ತಡವೂ ಏರಿ, ವಿಷಾನಿಲ ಮಲಗಿದ್ದ ನಗರದ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನ ಅದರ ಪರಿಣಾಮಕ್ಕೆ ಗುರಿಯಾದರು.

ಅಲ್ಲಿ ರಕ್ಷಣಾ ಸಾಧನಗಳು ಇರಲಿಲ್ಲವೆಂದಲ್ಲ. ತೊಟ್ಟಿಯನ್ನು ತಂಪಾಗಿಡುವ ಶೀತಕ ಯಂತ್ರವಿತ್ತು. ಅದನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡುವ ಗೋಪುರವಿತ್ತು. ಅದರ ಕೊಳವೆಯನ್ನು ದುರಸ್ತಿಗಾಗಿ ಬಿಚ್ಚಿಡಲಾಗಿತ್ತು. ಅನಿಲವನ್ನು ತೊಳೆಯುವ ಸಾಧನಕ್ಕೆ ಅಷ್ಟು ಪ್ರವಾಹವನ್ನು ತಾಳುವ ಶಕ್ತಿಯಿರಲಿಲ್ಲ. ನೀರಿನ ಧಾರೆ ಅನಿಲ ಹೊರಬರುತ್ತಿದ್ದ ಎತ್ತರವನ್ನು ಮುಟ್ಟಲಿಲ್ಲ. ಹೀಗೆ ಒಂದೊಂದಾಗಿ ಎಲ್ಲ ತಡೆಗಳೂ ವಿಫಲವಾದವು.

ಇವೆಲ್ಲಕ್ಕಿಂತ ಮಿಗಿಲಾದ ಸಂಗತಿಯೊಂದಿದೆ. ಮೀಥೈಲ್ ಐಸೊಸಯನೇಟ್ ಆ ಕಾರ್ಖಾನೆಯ ಉತ್ಪನ್ನವಲ್ಲ, ತಯಾರಿಕೆಯ ನಡುವೆ ಹುಟ್ಟಿ ಮುಗಿದುಹೋಗುವ ಮಧ್ಯವರ್ತಿ ವಸ್ತು. ಅದನ್ನು ಹುಟ್ಟಿದಂತೆಯೇ ಬಳಸಿ ಮುಗಿಸಬಹುದಿತ್ತು. ಸಂಗ್ರಹಿಸಿಡುವುದು ಅನುಕೂಲವಾಗಿತ್ತೇ ಹೊರತು ಅನಿವಾರ್ಯವಾಗಿರಲಿಲ್ಲ. ಅದೇ ಕಚ್ಚಾವಸ್ತುಗಳನ್ನು ಬೇರೊಂದು ಅನುಕ್ರಮದಲ್ಲಿ ಬೆರೆಸಿದ್ದರೆ ಆ ವಸ್ತು ಹುಟ್ಟುತ್ತಲೇ ಇರಲಿಲ್ಲ. ಆ ದಾರಿಯಲ್ಲಿಯೂ ಫಾಸ್ಜೀನ್ ಎಂಬ ವಿಷಾನಿಲ ಬೇಕಾಗುತ್ತದೆ, ನಿಜ. ಆದರೆ 40 ಟನ್ನಿನ ಆ ತೊಟ್ಟಿ ಇರುತ್ತಿರಲಿಲ್ಲ.

ಈ ತತ್ತ್ವಕ್ಕೂ ಮಿತಿಗಳಿವೆ. ದಾಸ್ತಾನನ್ನು ತಗ್ಗಿಸಿದರೆ ಲಾರಿಗಳ ಓಡಾಟ ಹೆಚ್ಚಾಗಿ, ಅಪಾಯ ಕಾರ್ಖಾನೆಯಿಂದ ರಸ್ತೆಗೆ ಇಳಿಯಬಹುದು. 1930ರ ದಶಕದಲ್ಲಿ ಶೀತಕ ಪೆಟ್ಟಿಗೆಗಳಲ್ಲಿ ವಿಷಕಾರಿಯಾದ ಅಮೋನಿಯಾದಂಥ ಅನಿಲಗಳ ಬದಲು ಕ್ಲೋರೊಫ್ಲೋರೊಕಾರ್ಬನ್‌ಗಳು ಬಂದವು. ಅವು ಉರಿಯುವುದಿಲ್ಲ, ವಿಷವೂ ಅಲ್ಲ. ಆದರೆ ಓಜೋನ್ ಪದರಕ್ಕೆ ಕುತ್ತು ತಂದವು. ಅವುಗಳ ನಿಯಂತ್ರಣಕ್ಕೆ 1987ರ ಮಾಂಟ್ರಿಯಲ್ ಒಪ್ಪಂದವೇ ಬೇಕಾಯಿತು. ಆದುದರಿಂದ ಪರಿಕಲ್ಪನೆಯನ್ನು ಆರಿಸುವವರು ಒಂದು ಅಪಾಯವನ್ನು ಕಳೆಯುವಾಗ ಇನ್ನಾವುದು ಹುಟ್ಟುತ್ತದೆ, ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ತೂಗಿ ನೋಡಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ದುರಂತದ ವರದಿಗಳಲ್ಲಿ ನಾವು ಪದೇ ಪದೇ ಓದುವ ಮಾತು "ಕಾರ್ಮಿಕರ ನಿರ್ಲಕ್ಷ್ಯ". ಆ ಮಾತು ಕೊನೆಯ ಕೈಯನ್ನು ಮಾತ್ರ ತೋರಿಸುತ್ತದೆ. ವರ್ಷಗಳ ಹಿಂದೆ ಮೇಜಿನ ಮೇಲೆ ಆದ ಆಯ್ಕೆಯನ್ನು ಮರೆಮಾಡುತ್ತದೆ. ನಾಳೆ ಪತ್ರಿಕೆಗಳಿಗೆ ಬರೆಯುವವರು, ತಾಂತ್ರಿಕ ವಿಷಯಗಳನ್ನು ಕನ್ನಡಕ್ಕೆ ತರುವವರು ನಿಮ್ಮಲ್ಲಿಯೇ ಇದ್ದಾರೆ. ಕವಾಟವನ್ನು ಯಾರು ಮುಚ್ಚಲಿಲ್ಲ ಎಂದು ಕೇಳುವುದರ ಜೊತೆಗೆ, ಆ ತೊಟ್ಟಿ ಅಲ್ಲಿ ಏಕೆ ಇತ್ತು ಎಂದು ಕೇಳುವ ಕನ್ನಡವೂ ನಮಗೆ ಬೇಕಾಗಿದೆ.